ಲಂಡನ್ನಿನ ಜಾಕೆಟ್

ಅವಳಿಗೆ ಹುಚ್ಚು ಹಿಡಿಸಿದ್ದ ಬ್ಯಾಂಡಿನ ಹುಡುಗರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಎಪ್ಪತ್ತರ ದಶಕ ಮುಗಿದಿತ್ತು. ಆದರೂ ಅವರ ಹಾಡು, ಗಿಟಾರು, ಉದ್ದ ಕೂದಲು, ಬೆಲ್‌ಬಾಟಮ್ಮು ಎಲ್ಲವೂ ಆ ಕಾಲದ್ದೇ. ನಿನ್ನೆಯ ಶೋನಲ್ಲಿ ಕೊನೆಯ ಹಾಡಿಗೆ ಗಾಯಕ ತನ್ನ ಜೀನ್ಸ್ ಜಾಕೆಟ್ ಬಿಚ್ಚಿ ಜನರತ್ತ ಎಸೆದಾಗ ಅದು ನೇರ ಅವಳ ತಲೆಯ ಮೇಲೇ ಬಂದು ಬಿದ್ದಿತ್ತು. ಬೆಳಿಗ್ಗೆ ಅದನ್ನು ತೊಟ್ಟುಕೊಂಡೇ ತಿಂಡಿಗೆ ಕೂತಳು.

"ಬಿಚ್ಚಿ ಕೊಡೇ, ಒಗೆದು ಹಾಕ್ತೀನಿ. ಬೆವರು ನಾರ್ತಿದೆ," ಎಂದಳು ಅಮ್ಮ.

"ಮುಟ್ಟಬೇಡಮ್ಮ! ಅದು ಅವನ ಬೆವರು."

"ಅಯ್ಯೋ ಕರ್ಮ."

"ನಿಂಗೇನು ಗೊತ್ತು? ಇದು ಒರಿಜಿನಲ್ಲು. ಲಂಡನ್ನಿನ ಯಾವುದೋ ಹಳೇ ಅಂಗಡೀಲಿ ಹುಡುಕಿ ತಂದಿದ್ದಂತೆ, ಸ್ಟೇಜ್ ಮೇಲೇ ಹೇಳಿದ. ಈ ಒಳಜೇಬು ನೋಡು, ನೀಲಿ ಬಟ್ಟೆಗೆ ಹಸಿರು ದಾರದ ಹೊಲಿಗೆ! ಆಗಿನ ರಾಕ್‌ಸ್ಟಾರ್‌ಗಳು ಬೇಕಂತಲೇ ಹೀಗೆ ಹೊಲಿಸ್ಕೋತಿದ್ರು. ಎಂಥಾ ಟೇಸ್ಟು ಅಲ್ವಾ?"

ಅಮ್ಮ ತಟ್ಟೆಗೆ ಇನ್ನೆರಡು ಬಿಸಿ ಇಡ್ಲಿ ಹಾಕಿ, ಕೈ ಒರೆಸಿಕೊಂಡು ಬಗ್ಗಿದಳು. ಆ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು.

"ಆವತ್ತು ಮನೇಲಿ ನೀಲಿ ದಾರ ಮುಗಿದುಹೋಗಿತ್ತು ಕಣೇ," ಎಂದಳು. "ಇದನ್ನ ಹಾಕ್ಕೊಂಡು ನನ್ನ ಕಾಲೇಜ್ ಹತ್ರ ಬಂದ್ರೆ ಮಾನ ಹೋಗತ್ತೆ ಅಂತ ನಿಮ್ಮಪ್ಪನ ಮೇಲೆ ಕೂಗಾಡಿದ್ಯಲ್ಲ, ಅದಕ್ಕೇ ಹಳೇ ಬಟ್ಟೆಗೆ ಪಾತ್ರೆ ಕೊಡೋಳಿಗೆ ಹಾಕಿ ಈ ಇಡ್ಲಿ ಸ್ಟ್ಯಾಂಡ್ ತಗೊಂಡೆ."