ಅವಿಭಾಜ್ಯವಲ್ಲ

ಗಣಿತದ ಪ್ರಾಧ್ಯಾಪಕ ಗುರುಪ್ರಸನ್ನ ಅಂದು ಸಂಜೆ ನೆಲಕ್ಕೆ ಕಾಲು ತಾಗದವನಂತೆ ಮನೆಗೆ ಬಂದ. ಸಾವಿರಾರು ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೆಂದು, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಭಾಗವಾಗದೆಂದು, ಅವನ ವಿಭಾಗದವರೆಲ್ಲ ನಂಬಿದ್ದರು. ಅದು ಸುಳ್ಳೆಂದು ಅವನು ಸಾಧಿಸಿದ್ದ.

ಮದುವೆಯಾದಾಗಿನಿಂದಲೂ ಗಣಿತದ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಹೆಂಡತಿ ವೈಜಯಂತಿ ಇಂದು ಎದುರಿಗೇ ಕೂತು ಕೇಳಿದಳು.

“ಹಾಗಾದ್ರೆ ಯಾವ ಸಂಖ್ಯೆ ಅದನ್ನ ಭಾಗಿಸತ್ತೆ?”

“ಅದು ಗೊತ್ತಿಲ್ಲ. ಬಹುಶಃ ಈ ಜನ್ಮದಲ್ಲಿ ಗೊತ್ತಾಗೋದೂ ಇಲ್ಲ.”

“ಮತ್ತೆ ಭಾಗವಾಗತ್ತೆ ಅಂತ ಹೇಗೆ ಹೇಳ್ತೀರಿ?”

ಅವನಿಗೆ ಹುರುಪು ಬಂತು. “ಅದಕ್ಕೊಂದು ಪರೀಕ್ಷೆ ಇದೆ ಕಣೇ. ಅವಿಭಾಜ್ಯ ಸಂಖ್ಯೆ ನಡ್ಕೊಳ್ಳೋ ರೀತಿನೇ ಬೇರೆ. ಇದು ಹಾಗೆ ನಡ್ಕೊಳ್ಳಲಿಲ್ಲ. ಅಷ್ಟು ಸಾಕು, ಇನ್ನೊಂದು ಸಂಖ್ಯೆ ಒಳಗೆ ಸೇರ್ಕೊಂಡಿದೆ ಅಂತಲೇ ಅರ್ಥ.”

“ಅದು ಯಾವುದು ಅಂತ ಗೊತ್ತಿಲ್ಲದೇನೂ ಹೇಳಬಹುದಾ?”

“ಧಾರಾಳವಾಗಿ. ಅನುಮಾನಕ್ಕೆ ಜಾಗವೇ ಇಲ್ಲ.”

ಅವಳು ತಲೆದೂಗಿ ಒಳಗೆ ಹೋದಳು. ಇಷ್ಟು ವರ್ಷಕ್ಕೆ ತನ್ನ ವಿದ್ಯೆ ಹೆಂಡತಿಯ ತಲೆಗೆ ಹತ್ತಿತಲ್ಲ ಎಂದು ಅವನ ಮನಸ್ಸು ತುಂಬಿ ಬಂತು. ಕಾಫಿ ಮಾಡಲು ಹೋಗಿರಬೇಕು ಎಂದುಕೊಂಡ. ಅವಳು ಸೂಟ್‌ಕೇಸ್ ಹಿಡಿದುಕೊಂಡು ಹೊರಗೆ ಬಂದಳು.

“ಎಲ್ಲಿಗೆ ಹೊರಟೆ?”

“ಅಣ್ಣನ ಮನೆಗೆ,” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. “ಅವಳ ಹೆಸರು ಗೊತ್ತಾಗ್ಲಿ ಅಂತ ಇಷ್ಟು ದಿನ ಸುಮ್ನೆ ಕಾಯ್ತಾ ಇದ್ದೆ.”