ಶ್ರೀಪಾದದ ಗಂಟೆ

"ಎಷ್ಟು ಸಲ ಬೆಟ್ಟ ಹತ್ತಿದ್ದೀರೋ ಅಷ್ಟು ಸಲ ಬಾರಿಸ್ಬೇಕು. ಇಲ್ಲಿ ಸುಳ್ಳು ನಡೆಯಲ್ಲ ಅಣ್ಣಾ," ಎನ್ನುತ್ತ ನಿರ್ಮಲಿ ಶ್ರೀಪಾದ ಬೆಟ್ಟದ ನೆತ್ತಿಯಲ್ಲಿ ಗಂಟೆಯ ಹಗ್ಗವನ್ನು ವ್ಯಾನ್ ಡ್ರೈವರ್ ಗುಣಪಾಲನ ಕೈಗೆ ಕೊಟ್ಟಳು.

ಕೊಲಂಬೊದಿಂದ ಹೊರಟಾಗ ಅವಳು ಹೇಳಿದ್ದು ಮಿರಿಸ್ಸದ ಕಡಲಿಗೆ. "ಕಡಲೆಲ್ಲಿ ಓಡಿಹೋಗುತ್ತೆ ನೋನಾ? ಶ್ರೀಪಾದಕ್ಕೆ ಹೋಗೋಣ, ನಾನು ವರ್ಷ ವರ್ಷ ಬರ್ತೀನಿ," ಎಂದು, ಅಮ್ಮಾವ್ರೇ ಎನ್ನುವಂತೆ ಸಿಂಹಳದಲ್ಲಿ ನೋನಾ ನೋನಾ ಎನ್ನುತ್ತ ಅವಳ ಮನಸ್ಸು ತಿರುಗಿಸಿದವನು ಇವನೇ. ಯಾವ ಹೋಟೆಲಿನವನ ಕಮಿಷನ್ನೋ! ಕಣ್ಣೆದುರೇ ಇರಲಿ ಎಂದು ಅವನನ್ನೂ ಹತ್ತಿಸಿಕೊಂಡು ಬಂದಿದ್ದಳು. ದಾರಿಯಲ್ಲಿ "ಇನ್ನೆಷ್ಟು ದೂರ?" ಎಂದು ಅವನೇ ಚಹಾದಂಗಡಿಯಲ್ಲಿ ವಿಚಾರಿಸಿದಾಗ ಗುಮಾನಿ ಗಟ್ಟಿಯಾಗಿತ್ತು.

ಗುಣಪಾಲ ಕಣ್ಣು ಮುಚ್ಚಿ ಒಂದೇ ಸಲ ಎಳೆದ.

"ಸಿಕ್ಕಿಬಿದ್ರಲ್ಲ! ವರ್ಷ ವರ್ಷ ಬರ್ತೀನಿ ಅಂದ್ರಿ?"

"ಬರ್ತೀನಿ ನೋನಾ." ಅವನು ಹಗ್ಗ ಬಿಡಲಿಲ್ಲ. "ಬಂದು ಕೆಳಗೆ ವ್ಯಾನ್ ಕಾಯ್ತಾ ಕೂತಿರ್ತೀನಿ. ನೀನೂ ಬಾ ಅಂತ ಮೇಲಕ್ಕೆ ಕರೆದವರು ನೀವೇ ಮೊದಲು."