ಇಂಟರ್‌ವಲ್ ಆದಮೇಲೆ

ಕಪಟ ಸ್ವಾಮಿಯೊಬ್ಬನನ್ನು ಗೇಲಿ ಮಾಡಿ ಶೇಷಗಿರಿರಾಯರು ಬರೆದ ಕಾದಂಬರಿ ಸಿನಿಮಾ ಆಗಿತ್ತು. ಸಿನಿಮಾದವರು ಆ ಸ್ವಾಮಿಯ ತಲೆಯ ಹಿಂದೆ ತಗಡಿನ ಪ್ರಭಾವಳಿ ಕಟ್ಟಿ ಗಿರಗಿರ ತಿರುಗಿಸಿದ್ದರು. ರಾಯರು ಅಂದು ಇಂಟರ್‌ವಲ್‌ಗೇ ಉರಿದುಕೊಂಡು ಎದ್ದು ಬಂದಿದ್ದರು.

ಎಷ್ಟೋ ವರ್ಷಗಳ ಮೇಲೆ ಅದು ಮತ್ತೆ ತೆರೆಕಂಡಾಗ, ಈ ಸಲ ಪೂರ್ತಿ ನೋಡಿಯೇಬಿಡೋಣವೆಂದು ಹೋದರು. ಟಾಕೀಸಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು.

"ದೇವ್ರ ಪಿಚ್ಚರ್ ಸಾ, ಚಪ್ಲಿ ಇಲ್ಲೇ ಬಿಡಿ," ಎಂದ ಗೇಟಿನವನು.

ಒಳಗೆ ಜನ ತೆರೆಯ ಮೇಲಿನ ಸ್ವಾಮಿಗೆ ಕರ್ಪೂರದಾರತಿ ಎತ್ತಿದಾಗ ರಾಯರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದರು: "ಅವನು ಕಳ್ಳ ಕಣ್ರಪ್ಪಾ! ಈ ಕತೆ ಬರೆದವನು ನಾನೇ!"

ಯಾರೂ ಬೈಯಲಿಲ್ಲ. ಪಕ್ಕದ ಅಜ್ಜಿ ಮರುಕದಿಂದ ಅವರ ಕೈ ಹಿಡಿದು ಕೂರಿಸಿದಳು.

"ಕೂತ್ಕೊಳ್ಳಪ್ಪ. ಇಂಟ್ರುವಲ್ ಆದ್ಮೇಲೆ ಪಿಚ್ಚರಲ್ಲೂ ಹಿಂಗೇ ಕೂಗಾಡ್ಕಂಡು ಒಬ್ಬ ಬರ್ತಾನೆ, ಕತೆ ಬರೆಯೋನು. ಕೊನೇಲಿ ಎರಡೂ ಕಣ್ಣು ಹೋಗಿ, ಸ್ವಾಮಿಗಳ ಕಾಲಿಗೆ ಬೀಳ್ತಾನೆ."